ಸಣ್ಣ ತೋಟದಲ್ಲಿ ವಿಶೇಷ ದರ್ಜೆಯ ಕಾಫಿ

ಕಾಫಿ ಬೆಳೆಗಾರರೆಂದರೆ ನೂರಾರು ಎಕರೆ ಎಸ್ಟೇಟಿನ ಒಡೆಯರು ಎಂಬ ಭಾವನೆ ಬಯಲುಸೀಮೆಯ ಕಡೆ ಇನ್ನೂ ಉಳಿದಿದೆ. ಆದರೆ ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಶೇಕಡ 98ಕ್ಕೂ ಹೆಚ್ಚಿನವು 10 ಹೆಕ್ಟೇರ್, ಎಂದರೆ ಸುಮಾರು 25 ಎಕರೆಯೊಳಗಿನವು. ಅವುಗಳಲ್ಲಿಯೂ ಬಹುಪಾಲು ಐದು ಎಕರೆಗೂ ಕಡಿಮೆ ಇರುವ ಮನೆತೋಟಗಳು. ಗಂಡ ಹೆಂಡತಿ, ವಯಸ್ಸಾದ ತಂದೆತಾಯಿ, ರಜೆಗೆ ಬರುವ ಮಕ್ಕಳು, ಕೊಯ್ಲಿನ ಕಾಲಕ್ಕೆ ಒದಗುವ ನಾಲ್ಕಾರು ಕೂಲಿಯವರು, ಇಷ್ಟೇ ಅಲ್ಲಿಯ ಬಲ. ದೇಶದ ಕಾಫಿಯಲ್ಲಿ ಶೇಕಡ 70ರಷ್ಟನ್ನು ಕೊಡುವ ಕರ್ನಾಟಕದಲ್ಲಿ, ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ಊರೂರಲ್ಲಿ ಇಂಥ ಮನೆತನಗಳನ್ನು ಕಾಣಬಹುದು.

ಈ ಲೇಖನ ಅಂಥ ಮನೆತೋಟದವರಿಗಾಗಿ. ನಿಮ್ಮ ಕಾಫಿಯ ಬೆಲೆಯನ್ನು ನೀವು ನಿಗದಿ ಮಾಡುವುದಿಲ್ಲ. ಅರೇಬಿಕಾ ಬೆಲೆ ನ್ಯೂಯಾರ್ಕಿನಲ್ಲಿ, ರೊಬಸ್ಟಾ ಬೆಲೆ ಲಂಡನ್ನಿನಲ್ಲಿ ಏರಿಳಿಯುತ್ತದೆ. 2001ರ ಸುಮಾರಿಗೆ ಬೆಲೆ ಕುಸಿದಾಗ ಕೊಯ್ಲಿನ ಕೂಲಿಯೂ ಹುಟ್ಟದೆ ಎಷ್ಟೋ ಮನೆಗಳು ಸಾಲಕ್ಕೆ ಬಿದ್ದವು. 2024 ಮತ್ತು 2025ರಲ್ಲಿ ಅದೇ ಕಾಫಿ ಹಿಂದೆಂದೂ ಕಾಣದ ಬೆಲೆಗೆ ಏರಿತು. ಇಂಥ ಏರಿಳಿತದ ನಡುವೆ ಬೆಳೆಗಾರನ ಕೈಯಲ್ಲಿ ಉಳಿಯುವುದು ಎರಡು ಸಂಗತಿ ಮಾತ್ರ: ಗಿಡದ ಆರೋಗ್ಯ ಮತ್ತು ಬೀಜದ ಗುಣಮಟ್ಟ. ಇವೆರಡೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ, ಚಿಕ್ಕ ಹಿಡುವಳಿಯವರು ಇದರಿಂದ ಲಾಭ ಪಡೆಯುವ ಬಗೆ ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ವಿಶೇಷ ದರ್ಜೆ ಎಂದರೇನು?

1940ರ ದಶಕದಿಂದ ಬಹುಕಾಲ ನಮ್ಮ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸುತ್ತಿದ್ದರು. ಎಲ್ಲರ ಕಾಫಿಯೂ ದರ್ಜೆವಾರು ಒಟ್ಟುಗೂಡಿ ಹರಾಜಾಗುತ್ತಿತ್ತು. ಯಾವ ತೋಟದ ಕಾಫಿ ಯಾವ ರುಚಿಯದೆಂದು ಕೊಳ್ಳುವವನಿಗೆ ತಿಳಿಯುವ ದಾರಿ ಇರಲಿಲ್ಲ. 1996ರಲ್ಲಿ ಆ ಪದ್ಧತಿ ಸಂಪೂರ್ಣವಾಗಿ ಕೊನೆಗೊಂಡಿತು. ಅಂದಿನಿಂದ ಬೆಳೆಗಾರ ತನ್ನ ಕಾಫಿಯನ್ನು ತನ್ನ ಹೆಸರಿನಲ್ಲಿಯೇ ಮಾರಬಲ್ಲ. ವಿಶೇಷ ದರ್ಜೆಯ ಕಾಫಿಗೆ ನಮ್ಮಲ್ಲಿ ಬಾಗಿಲು ತೆರೆದದ್ದು ಹೀಗೆ.

ವಿಶೇಷ ದರ್ಜೆ ಎಂಬುದು ಬರೀ ಹೊಗಳಿಕೆಯ ಮಾತಲ್ಲ. ನುರಿತ ರುಚಿಪರೀಕ್ಷಕರು ಕಾಫಿಯ ಪರಿಮಳ, ಹುಳಿ, ಸಿಹಿ, ಗಟ್ಟಿತನ, ಕುಡಿದ ಮೇಲೆ ಬಾಯಲ್ಲಿ ಉಳಿಯುವ ಸ್ವಾದ ಮೊದಲಾದವನ್ನು ಅಳೆದು ನೂರಕ್ಕೆ ಅಂಕ ಕೊಡುತ್ತಾರೆ. 80 ಮತ್ತು ಅದಕ್ಕೆ ಮೇಲ್ಪಟ್ಟು ಅಂಕ ಪಡೆದ ಕಾಫಿಯನ್ನು ವಿಶೇಷ ದರ್ಜೆಯದೆಂದು ಎಣಿಸುವ ರೂಢಿ ಲೋಕದಲ್ಲೆಲ್ಲ ಬೆಳೆದುಬಂದಿದೆ. ಹುರಿಯುವ ಮೊದಲು 350 ಗ್ರಾಂ ಹಸಿ ಬೀಜವನ್ನು ಹರಡಿ ದೋಷ ಎಣಿಸುವುದೂ ಉಂಟು. ಪೂರ್ತಿ ಕಪ್ಪಾದ ಬೀಜ, ಹುಳಿತ ಬೀಜ, ಬೂಷ್ಟು ಹಿಡಿದ ಬೀಜ ಅದರಲ್ಲಿ ಒಂದೂ ಇರಬಾರದು. ಒಂದು ಹುಳಿತ ಬೀಜ ಒಂದು ಬಟ್ಟಲು ಕಾಫಿಯನ್ನೇ ಕೆಡಿಸಬಲ್ಲದು ಎಂಬುದನ್ನು ನೆನಪಿಡಿ.

ನಮ್ಮ ನೆಲಕ್ಕೆ ಈ ವಿಷಯದಲ್ಲಿ ಹೆಸರಿದೆ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಇವು ಮೂರಕ್ಕೂ ಭೌಗೋಳಿಕ ಗುರುತು ದೊರೆಯಿತು. ಆದರೆ ಗುರುತು ಸಿಕ್ಕಿದ ಮಾತ್ರಕ್ಕೆ ಚೀಲದೊಳಗಿನ ಬೀಜ ಒಳ್ಳೆಯದಾಗುವುದಿಲ್ಲ. ಆ ಕೆಲಸ ತೋಟದಲ್ಲಿಯೇ ಆಗಬೇಕು.

ಸಣ್ಣ ಹಿಡುವಳಿಗೆ ಇರುವ ಅನುಕೂಲ

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಇದನ್ನು ಆಳನ್ನು ಹಳಿಯುವ ಮಾತೆಂದು ತಿಳಿಯಬೇಕಾಗಿಲ್ಲ. ಕೂಲಿಯವನಿಗೆ ಇಂದು ಈ ತೋಟ, ನಾಳೆ ಮತ್ತೊಂದು. ಯಾವ ಗಿಡ ಹೋದ ವರ್ಷ ಬಾಡಿತ್ತು, ಯಾವ ಮೂಲೆಯಲ್ಲಿ ಹಣ್ಣು ಮೊದಲು ಕೆಂಪಾಗುತ್ತದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ನಾಲ್ಕು ಎಕರೆಯ ಮನೆಯವರಿಗೆ ಅದು ಗೊತ್ತು.

ಮುನ್ನೂರು ಎಕರೆಯ ತೋಟದಲ್ಲಿ ಕೆಂಪು ಹಣ್ಣನ್ನಷ್ಟೇ ಆರಿಸಿ ಕೊಯ್ಯಿಸುವುದು ದೊಡ್ಡ ಸಾಹಸ. ಅರ್ಧ ಎಕರೆಯಲ್ಲಿ ಅದನ್ನು ಮನೆಮಂದಿಯೇ ಎರಡು ಮೂರು ದಿನಗಳಲ್ಲಿ ಮುಗಿಸಬಲ್ಲರು. ವಿಶೇಷ ದರ್ಜೆಗೆ ಬೇಕಾದ ಮುಖ್ಯ ಬಂಡವಾಳವೆಂದರೆ ಕಣ್ಣು ಮತ್ತು ತಾಳ್ಮೆ. ಆ ಬಂಡವಾಳ ದೊಡ್ಡ ತೋಟಕ್ಕಿಂತ ನಿಮ್ಮಲ್ಲೇ ಹೆಚ್ಚಾಗಿದೆ.

ತಳಿಯ ವಿಚಾರ

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿದೆ. ನಿಮ್ಮ ತೋಟದ ಅರೇಬಿಕಾ ಗಿಡಗಳಲ್ಲಿ ಹೆಚ್ಚಿನವು ಅಲ್ಲಿ ಹುಟ್ಟಿದ ತಳಿಗಳೇ. ಕೆಂಟ್ಸ್ ತಳಿಯನ್ನು ಎಸ್.288ರೊಡನೆ ಸಂಕರಿಸಿ ಪಡೆದ ಎಸ್.795 ತಳಿ ರುಚಿಗೆ ಹೆಸರಾದದ್ದು. ಎಲೆ ತುಕ್ಕು ರೋಗಕ್ಕೆ ಅದು ಈಗ ಮೊದಲಿನಷ್ಟು ತಡೆಯೊಡ್ಡುವುದಿಲ್ಲ. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ಗಿಡ್ಡ ತಳಿ, ತುಕ್ಕು ರೋಗವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಸೆಲೆಕ್ಷನ್ 9 ಕೂಡ ಉತ್ತಮ ರುಚಿಯ ತಳಿಯೆಂದು ಮನ್ನಣೆ ಪಡೆದಿದೆ.

ವಿಶೇಷ ದರ್ಜೆಯ ಆಸೆಯಿಂದ ಚೆನ್ನಾಗಿ ಫಸಲು ಕೊಡುವ ಹಳೆಯ ಎಸ್.795 ಗಿಡಗಳನ್ನು ಕಿತ್ತು ಹೊಸ ತಳಿ ಹಾಕುವ ಆತುರ ಬೇಡ. ಖಾಲಿ ಬಿದ್ದ ಜಾಗವನ್ನು ತುಂಬುವಾಗ ತಳಿಯನ್ನು ಯೋಚಿಸಿ ಆರಿಸಿ. ಬೇರೆ ಬೇರೆ ತಳಿಯ ಹಣ್ಣನ್ನು ಒಂದೇ ಬುಟ್ಟಿಗೆ ಸೇರಿಸದೆ ಪ್ರತ್ಯೇಕವಾಗಿ ಕೊಯ್ದು ಒಣಗಿಸಿದರೆ ನಿಮ್ಮ ತೋಟದ ನಿಜವಾದ ರುಚಿ ಯಾವುದರಲ್ಲಿದೆ ಎಂಬುದು ಒಂದೆರಡು ವರ್ಷದಲ್ಲಿ ತಿಳಿಯುತ್ತದೆ.

ನೆರಳೇ ಮೊದಲ ರಕ್ಷಣೆ

ನಮ್ಮ ಕಾಫಿ ಮರಗಳ ನೆರಳಿನಲ್ಲಿ ಬೆಳೆಯುವಂಥದು. ಕೆಳಗಿನ ಹಂತದಲ್ಲಿ ಹಾಲುವಾಣ, ಮೇಲಿನ ಹಂತದಲ್ಲಿ ಅತ್ತಿ, ಬಸರಿ, ಗೋಣಿ, ಹಲಸು, ಬೀಟೆ, ನಂದಿಯಂಥ ಕಾಡುಮರಗಳು ಇರುವುದು ಹಿಂದಿನಿಂದ ಬಂದ ಕ್ರಮ. ನೆರಳಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ತುಂಬಿಕೊಳ್ಳುತ್ತದೆ, ಉದುರಿದ ಎಲೆ ನೆಲಕ್ಕೆ ಗೊಬ್ಬರವಾಗುತ್ತದೆ. ಇತ್ತೀಚೆಗೆ ಹಲವು ತೋಟಗಳಲ್ಲಿ ಕಾಡುಮರ ಹೋಗಿ ಸಿಲ್ವರ್ ಓಕ್ ಒಂದೇ ನಿಂತಿದೆ. ಮೆಣಸಿನ ಬಳ್ಳಿ ಹಬ್ಬಿಸಲು, ಮುಂದೆ ಮರ ಮಾರಲು ಅದು ಅನುಕೂಲ ನಿಜ. ಆದರೆ ಬೇಸಿಗೆಯ ಬಿಸಿಲನ್ನು ತಡೆಯುವ ಹರವಾದ ನೆರಳು ಅದರಿಂದ ಸಿಗುವುದಿಲ್ಲ.

ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಬೆಳಕು ಬಿಡುವುದು ಅವಶ್ಯ. ಮುಂಗಾರಿನಲ್ಲಿ ತೋಟ ಕತ್ತಲೆಯಾಗಿದ್ದರೆ ಕೊಳೆರೋಗ ಬರುತ್ತದೆ. ಕಡಿದ ಹಾಲುವಾಣ ಮುಂದಿನ ಬೇಸಿಗೆಯ ಹೊತ್ತಿಗೆ ಮತ್ತೆ ಚಿಗುರಿ ನೆರಳು ಕೊಡುವಂತಿರಬೇಕು. ದಕ್ಷಿಣಕ್ಕೂ ಪಶ್ಚಿಮಕ್ಕೂ ಮುಖ ಮಾಡಿದ ಇಳಿಜಾರುಗಳಲ್ಲಿ ಬಿಸಿಲು ಚುರುಕಾದ್ದರಿಂದ ಅಲ್ಲಿ ಕೈ ಬಿಗಿಹಿಡಿದು ಮರಗಸಿ ಮಾಡಿ. ಇದಕ್ಕೆ ಮುಖ್ಯ ಕಾರಣ ಬಿಳಿ ಕಾಂಡಕೊರಕ.

ಬಿಳಿ ಕಾಂಡಕೊರಕ: ಮನೆಯೊಳಗಿನ ಕಳ್ಳ

ಅರೇಬಿಕಾ ಬಿಟ್ಟು ರೊಬಸ್ಟಾ ಹಾಕಿದವರನ್ನು ಕಾರಣ ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಇದೊಂದೇ ಹೆಸರು. ಇಂದು ದೇಶದ ಕಾಫಿ ಉತ್ಪನ್ನದಲ್ಲಿ ಶೇಕಡ 70ರಷ್ಟು ರೊಬಸ್ಟಾ ಆಗಿರುವುದರಲ್ಲಿ ಈ ಕೀಟದ ಪಾಲು ದೊಡ್ಡದು. ಕೊರಕವನ್ನು ಹತೋಟಿಯಲ್ಲಿಡದೆ ಅರೇಬಿಕಾದಲ್ಲಿ ವಿಶೇಷ ದರ್ಜೆಯ ಮಾತನಾಡುವುದು ವ್ಯರ್ಥ.

ಇದರ ದುಂಬಿ ವರ್ಷಕ್ಕೆ ಎರಡು ಸಲ ಹೊರಬಂದು ಹಾರಾಡುತ್ತದೆ. ಏಪ್ರಿಲ್–ಮೇ ಒಂದು ಕಾಲ, ಅಕ್ಟೋಬರ್‌ನಿಂದ ಡಿಸೆಂಬರ್ ಮತ್ತೊಂದು ಕಾಲ. ಹೆಣ್ಣು ದುಂಬಿ ಬಿಸಿಲು ಬೀಳುವ ಮುಖ್ಯಕಾಂಡದ ಮೇಲೂ ದಪ್ಪ ರೆಂಬೆಗಳ ಮೇಲೂ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ತೊಗಟೆಯ ಕೆಳಗೆ ತಿಂದು, ಆಮೇಲೆ ಕಟ್ಟಿಗೆಯೊಳಕ್ಕೆ ಇಳಿದು ತಿಂಗಳುಗಟ್ಟಲೆ ಸುರಂಗ ಕೊರೆಯುತ್ತದೆ. ಹೊರಗಿನಿಂದ ಕಾಣುವ ಗುರುತು ಎರಡೇ: ಎಲೆ ಹಳದಿಯಾಗಿ ಬಾಡುವುದು, ಕಾಂಡದ ಮೇಲೆ ಉಬ್ಬಿದ ಗೆರೆಗಳು ಏಳುವುದು. ಎಳೆಯ ಗಿಡವಾದರೆ ಬೇಗನೆ ಸಾಯುತ್ತದೆ. ಹಳೆಯ ಗಿಡ ಕೆಲವು ವರ್ಷ ಜೀವ ಹಿಡಿದುಕೊಂಡು ಜೊಳ್ಳು ಕಾಯಿ ಬಿಡುತ್ತದೆ.

ಹತೋಟಿಯ ಕ್ರಮಗಳು ಹೀಗಿವೆ:

1. ಪ್ರತಿ ವರ್ಷ ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ, ದುಂಬಿ ಹಾರುವುದಕ್ಕೆ ಮುಂಚೆ, ತೋಟದ ಒಂದೊಂದು ಗಿಡದ ಕಾಂಡವನ್ನೂ ಬುಡದಿಂದ ಮೇಲಿನವರೆಗೆ ನೋಡಿ. ಉಬ್ಬುಗೆರೆಯಿದ್ದ ಗಿಡಕ್ಕೆ ಗುರುತು ಹಾಕಿ.

2. ಕೊರಕ ಕಾಂಡದಲ್ಲಿಯೇ ಇದ್ದರೆ ಕೊರೆದ ಭಾಗಕ್ಕಿಂತ ಕೆಳಗೆ ಕಡಿದು ಹೊಸ ಚಿಗುರು ಬರಿಸಬಹುದು. ಬೇರಿಗೆ ಇಳಿದಿದ್ದರೆ ಗಿಡವನ್ನು ಕಿತ್ತುಬಿಡಿ.

3. ಕಿತ್ತ ಗಿಡವನ್ನು ಸುಟ್ಟುಹಾಕಿ. ಸೌದೆಗೆಂದು ಮನೆಯ ಹಿಂದೆ ಒಟ್ಟಿದರೆ ಅಲ್ಲಿಂದಲೇ ದುಂಬಿ ಹೊರಬಂದು ಮತ್ತೆ ತೋಟ ಸೇರುತ್ತದೆ. ಸೌದೆ ಬೇಕೇಬೇಕೆಂದರೆ ವಾರ ಹತ್ತು ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಟ್ಟು ಅನಂತರ ಒಣಗಿಸಿ.

4. ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನ ಕೈಗವಸಿನಿಂದ ಉಜ್ಜಿ ತೆಗೆಯಿರಿ. ಬಿರುಕಿಲ್ಲದ ನುಣುಪಾದ ಕಾಂಡದಲ್ಲಿ ಮೊಟ್ಟೆಗೆ ಜಾಗ ಸಿಗುವುದಿಲ್ಲ. ಕತ್ತಿಯಿಂದ ಹೆರೆಯಬೇಡಿ, ಹಸಿರು ತೊಗಟೆಗೆ ಗಾಯವಾಗಬಾರದು.

5. ದುಂಬಿ ಹಾರುವ ಕಾಲದಲ್ಲಿ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಶೇಕಡ 10ರ ಸುಣ್ಣದ ತಿಳಿಯನ್ನು ಸಿಂಪಡಿಸಿ ಅಥವಾ ಬಳಿಯಿರಿ. 200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಬೇಕಾಗುತ್ತದೆ.

6. ಎಕರೆಗೆ ಹತ್ತರಂತೆ ಮೋಹಕ ಬಲೆಗಳನ್ನು ತೂಗುಹಾಕಿದರೆ ದುಂಬಿ ಹಾರುವ ಕಾಲ ಯಾವಾಗ ಶುರುವಾಯಿತೆಂದು ತಿಳಿಯುತ್ತದೆ, ಒಂದಷ್ಟು ದುಂಬಿಗಳೂ ಬಲೆಗೆ ಬೀಳುತ್ತವೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಎರಡನೆಯದು. ಸೆಪ್ಟೆಂಬರ್‌ನಲ್ಲಿ ಗುರುತು ಹಾಕಿದ ಗಿಡದ ತುಂಬ ಕಾಯಿ ಇರುತ್ತದೆ. ಅಜ್ಜ ನೆಟ್ಟ ಗಿಡ, ಇನ್ನೆರಡು ತಿಂಗಳಲ್ಲಿ ಹಣ್ಣು, ಕೊಯ್ಲು ಮುಗಿಯಲಿ ಆಮೇಲೆ ಕೀಳೋಣ ಎನಿಸುವುದು ಸಹಜ. ಆದರೆ ಆ ಎರಡು ತಿಂಗಳಲ್ಲಿಯೇ ದುಂಬಿ ಹೊರಬಂದು ಸುತ್ತಲಿನ ಗಿಡಗಳಲ್ಲಿ ಮೊಟ್ಟೆಯಿಡುತ್ತದೆ. ಒಂದು ಗಿಡದ ಒಂದೆರಡು ಕಿಲೋ ಹಣ್ಣಿಗೆ ಆಸೆಪಟ್ಟು ಹತ್ತು ಗಿಡ ಕಳೆದುಕೊಳ್ಳುವುದು ಜಾಣತನವಲ್ಲ. ನೆರೆಯ ತೋಟದವರೂ ಅದೇ ಸಮಯಕ್ಕೆ ಇದೇ ಕೆಲಸ ಮಾಡಿದರೆ ಫಲ ಹೆಚ್ಚು. ದುಂಬಿಗೆ ಬೇಲಿಯ ಲೆಕ್ಕವಿಲ್ಲ. ಊರಿನವರು ಒಟ್ಟಾಗಿ ದಿನ ಗೊತ್ತುಮಾಡಿಕೊಂಡು ಗಿಡ ನೋಡುವುದು ಒಳ್ಳೆಯದು.

ಎಲೆ ಉಳಿದರೆ ಬೀಜ ತುಂಬುತ್ತದೆ

ಬೀಜದ ರುಚಿಗೆ ಬೇಕಾದ ಸಕ್ಕರೆಯನ್ನು ತಯಾರಿಸುವುದು ಎಲೆ. ಎಲೆ ಉದುರಿದ ರೆಂಬೆಯಲ್ಲಿ ಹಣ್ಣು ಹೆಸರಿಗೆ ಕೆಂಪಾದರೂ ಒಳಗೆ ಬೀಜ ತುಂಬಿರುವುದಿಲ್ಲ. ಆದ್ದರಿಂದ ಎಲೆ ಕಾಯುವುದೆಂದರೆ ರುಚಿಯನ್ನೇ ಕಾಯ್ದಂತೆ.

1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅಲ್ಲಿಯ ಕಾಫಿಯನ್ನೇ ಅಳಿಸಿಹಾಕಿ ಆ ದ್ವೀಪವನ್ನು ಚಹಾ ನಾಡಾಗಿ ಮಾಡಿತು. ಅದೇ ರೋಗ ನಮ್ಮ ತೋಟಗಳಲ್ಲಿಯೂ ಇದೆ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ ಕಾಣುತ್ತದೆ. ಮುಂಗಾರಿಗೆ ಮುಂಚೆ ಮೇ–ಜೂನ್‌ನಲ್ಲಿ ಒಮ್ಮೆ, ಮಳೆ ಹಿಂದೆಗೆದ ಮೇಲೆ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಶೇಕಡ ಅರ್ಧದ ಬೋರ್ಡೋ ದ್ರಾವಣವನ್ನು ಎಲೆಯ ಅಡಿಭಾಗ ನೆನೆಯುವಂತೆ ಸಿಂಪಡಿಸಿ. ರೋಗ ಎಲೆಯೊಳಕ್ಕೆ ಹೋಗುವುದು ಅಡಿಭಾಗದಿಂದ. ಮೇಲಷ್ಟೇ ನೆನೆಸಿದರೆ ಹಣ ದಂಡ.

ದ್ರಾವಣ ತಯಾರಿಸುವ ಕ್ರಮ ಬಲ್ಲವರಿಗೂ ಒಮ್ಮೆ ನೆನಪಿಸುವುದು ತಪ್ಪಲ್ಲ. 200 ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ದು ಕದಡಿ. ಕಬ್ಬಿಣದ ಪಾತ್ರೆ ಬೇಡ. ಪ್ಲಾಸ್ಟಿಕ್ ಅಥವಾ ಮರದ ಪೀಪಾಯಿ ಬಳಸಿ. ತಿಕ್ಕಿದ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡಿ. ಅಲಗು ತಾಮ್ರದಂತೆ ಕೆಂಪಾದರೆ ಸುಣ್ಣ ಸಾಲದೆಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಕಲೆಸಿದ ದ್ರಾವಣವನ್ನು ಅಂದೇ ಬಳಸಿ ಮುಗಿಸಿ.

ಮುಂಗಾರಿನಲ್ಲಿ ಎಲೆ, ಕಾಯಿ ಕಪ್ಪಾಗಿ ಕೊಳೆತು ಎಳೆಯೊಂದರಲ್ಲಿ ಜೋತಾಡುವುದು ಕೊಳೆರೋಗದ ಗುರುತು. ವಿಜ್ಞಾನಿಗಳು ಈ ಶಿಲೀಂಧ್ರಕ್ಕೆ ಹೆಸರಿಡುವಾಗ ನಮ್ಮ ರೈತರ ಬಾಯಲ್ಲಿದ್ದ ‘ಕೊಳೆರೋಗ’ ಎಂಬ ಮಾತನ್ನೇ ತೆಗೆದುಕೊಂಡರು. ಇದು ಬರುವ ತಗ್ಗು ಜಾಗಗಳು ನಿಮಗೆ ಗೊತ್ತೇ ಇರುತ್ತವೆ. ಅಲ್ಲಿ ಮಳೆಗೆ ಮುಂಚೆ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸಿ. ಗಿಡದ ನಡುವನ್ನು ಬಿಡಿಸಿ ಗಾಳಿ ಬೆಳಕು ಆಡುವಂತೆ ಮಾಡಿ. ಕೊಳೆತ ಎಲೆ ಕಾಯಿಗಳನ್ನು ಆರಿಸಿ ಹೂಳಿ.

ಕೊಯ್ಲಾದ ಮೇಲೆ ಒಣಗಿದ, ಒಳಮುಖವಾದ, ಮುದಿಯಾದ ರೆಂಬೆಗಳನ್ನು ಸವರಿ. ಕಾಂಡದಿಂದ ನೇರವಾಗಿ ಏಳುವ ಕಂಬಚಿಗುರನ್ನು ಎಳೆಯದಿರುವಾಗಲೇ ಕೈಯಿಂದ ಮುರಿಯಿರಿ. ಒಂದೇ ವರ್ಷ ಗಿಡ ಮೈತುಂಬ ಕಾಯಿ ಹೊತ್ತರೆ ಮರುವರ್ಷ ರೆಂಬೆ ಒಣಗುತ್ತದೆ. ಎರಡು ವರ್ಷಕ್ಕೆ ಸಮನಾಗಿ ಫಸಲು ಹಂಚುವುದೇ ಸವರುವಿಕೆಯ ಗುಟ್ಟು. ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ರಸಸಾರ 6ರಿಂದ 6.5ರೊಳಗೆ ಇರುವುದು ಕಾಫಿಗೆ ಒಪ್ಪುತ್ತದೆ. ಅದಕ್ಕಿಂತ ಹುಳಿಯಾದ ಮಣ್ಣಿಗೆ ವರದಿಯಲ್ಲಿ ಹೇಳಿದಷ್ಟು ಕೃಷಿ ಸುಣ್ಣ ಹಾಕಿದ ಬಳಿಕವೇ ಗೊಬ್ಬರದ ಫಲ ಕಾಣುವುದು.

ಹೂಮಳೆಯಿಂದ ಹಣ್ಣಿನವರೆಗೆ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೀಳುವ ಹೂಮಳೆ ಸುಮಾರು ಒಂದಂಗುಲ ಆಗಬೇಕು. ವಾರ ಹತ್ತು ದಿನದಲ್ಲಿ ಹೂ ಅರಳುತ್ತದೆ. ಮತ್ತೆ ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬಂದರೆ ಕಾಯಿ ಕಚ್ಚುತ್ತದೆ. ನೀರಿನ ಅನುಕೂಲವಿದ್ದವರು ತುಂತುರು ನೀರಾವರಿಯಿಂದ ಇದನ್ನು ಒದಗಿಸಬಹುದು. ಮಳೆ ಬಿಡಿಬಿಡಿಯಾಗಿ ಬಿದ್ದರೆ ಹೂ ಮೂರು ನಾಲ್ಕು ಕಂತಿನಲ್ಲಿ ಅರಳುತ್ತದೆ. ಆ ವರ್ಷ ಹಣ್ಣೂ ಕಂತಿನಲ್ಲಿಯೇ ಮಾಗುತ್ತದೆ. ಯಾವ ಮಳೆಗೆ ಯಾವ ತುಂಡಿನಲ್ಲಿ ಹೂ ಅರಳಿತೆಂದು ಬರೆದಿಟ್ಟುಕೊಂಡರೆ ಕೊಯ್ಲಿನ ದಿನ ಗೊತ್ತುಮಾಡಲು ಸುಲಭ.

ಅರೇಬಿಕಾ ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯವರೆಗೆ ಹಣ್ಣಾಗುತ್ತದೆ. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಬೀಜ ಪುಸಕ್ಕನೆ ಹೊರಬರುವ ಹಣ್ಣೇ ಸರಿಯಾದ ಹಣ್ಣು. ಹಸಿರು ಕಾಯಿಯ ಕಾಫಿ ಒಗರು, ತೀರ ಮಾಗಿದ್ದರಲ್ಲಿ ಹುಳಿತ ವಾಸನೆ. ಆದ್ದರಿಂದ ವಿಶೇಷ ದರ್ಜೆಯ ತುಂಡಿನಲ್ಲಿ ಮೂರು ನಾಲ್ಕು ಸುತ್ತು ಕೊಯ್ಯಬೇಕಾಗುತ್ತದೆ. ಕಿಲೋ ಲೆಕ್ಕದ ಕೂಲಿ ಇಲ್ಲಿ ಹೊಂದುವುದಿಲ್ಲ. ತೂಕಕ್ಕೆ ಕೂಲಿ ಕೊಟ್ಟು ಕೆಂಪು ಹಣ್ಣನ್ನೇ ಆರಿಸು ಎಂದರೆ ಕೊಯ್ಯುವವಳಿಗೆ ನಷ್ಟ. ಅವಳು ರೆಂಬೆ ಸಮೇತ ಸವರಿದರೆ ಅವಳ ತಪ್ಪೂ ಅಲ್ಲ. ಈ ತುಂಡಿಗೆ ದಿನಗೂಲಿ ಕೊಡಿ, ಇಲ್ಲವೇ ಮನೆಯವರೇ ಕೊಯ್ಯಿರಿ.

ನೆಲಕ್ಕೆ ಬಿದ್ದ ಹಣ್ಣನ್ನು ಈ ಬುಟ್ಟಿಗೆ ಸೇರಿಸಕೂಡದು. ಆದರೆ ಅದನ್ನು ತೋಟದಲ್ಲಿ ಬಿಡಲೂ ಕೂಡದು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಕಾಯಿಕೊರಕ ಮುಂದೆ ನಮ್ಮ ತೋಟಗಳಿಗೂ ಹಬ್ಬಿತು. ಗಿಡದಲ್ಲಿ ಉಳಿದ, ನೆಲದಲ್ಲಿ ಬಿದ್ದ ಕಾಯಿಯೇ ಅದಕ್ಕೆ ಮುಂದಿನ ವರ್ಷದವರೆಗೆ ಆಸರೆ. ಗಿಡದ ಬುಡಕ್ಕೆ ತಾಟು ಹಾಸಿ ಕೊಯ್ಯಿರಿ, ಕೊನೆಗೆ ಉದುರು ಕಾಯಿಯನ್ನು ಒಂದೂ ಬಿಡದೆ ಹೆಕ್ಕಿಸಿ ಬೇರೆಯಾಗಿ ಒಣಗಿಸಿ.

ಕಣದಲ್ಲಿ ಎಚ್ಚರ

ಕಣದಲ್ಲಿ ರುಚಿ ಹುಟ್ಟುವುದಿಲ್ಲ. ಗಿಡದಿಂದ ಬಂದ ರುಚಿ ಕೆಡದಂತೆ ನೋಡಿಕೊಳ್ಳುವ ಜಾಗ ಅದು. ಕೊಯ್ದ ಹಣ್ಣನ್ನು ರಾತ್ರಿಯಿಡೀ ಚೀಲದಲ್ಲಿ ಬಿಡಬಾರದು. ಅಂದೇ ನೀರಿಗೆ ಹಾಕಿ ತೇಲುವ ಜೊಳ್ಳನ್ನು ಬೇರ್ಪಡಿಸಿ. ಉಳಿದದ್ದರಲ್ಲಿ ಹಸಿರು, ಕಪ್ಪು ಕಾಯಿಗಳನ್ನು ತಾಟಿನ ಮೇಲೆ ಹರಡಿ ಆರಿಸಿ ತೆಗೆಯಿರಿ. ಮನೆಯ ಹಿರಿಯರು ಕುಳಿತಲ್ಲೇ ಮಾಡಬಹುದಾದ ಕೆಲಸ ಇದು.

ಪಲ್ಪರ್ ಇದ್ದವರು ಅಂದೇ ಸಿಪ್ಪೆ ಬಿಡಿಸಿ, ಅರೇಬಿಕಾವನ್ನು ಸುಮಾರು 24ರಿಂದ 36 ಗಂಟೆ ತೊಟ್ಟಿಯಲ್ಲಿ ಹುದುಗಲು ಬಿಡಿ. ಚಳಿ ಹೆಚ್ಚಿದ್ದರೆ ಹೊತ್ತು ಹೆಚ್ಚು ಬೇಕು. ಗಡಿಯಾರಕ್ಕಿಂತ ಕೈಯನ್ನು ನಂಬಿ: ಒಂದು ಹಿಡಿ ಬೀಜ ತೊಳೆದು ಹಿಂಡಿದಾಗ ಜಾರದೆ, ಸಣ್ಣ ಜಲ್ಲಿಯಂತೆ ಒರಟಾಗಿ ಸದ್ದು ಮಾಡಿದರೆ ಲೋಳೆ ಬಿಟ್ಟಿದೆ ಎಂದರ್ಥ. ತಡಮಾಡದೆ ಶುದ್ಧ ನೀರಿನಲ್ಲಿ ತೊಳೆಯಿರಿ. ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ. ಭದ್ರೆ, ಹೇಮಾವತಿ, ಕಾವೇರಿಯರಿಗೆ ನೀರು ಕೂಡುವುದು ನಮ್ಮ ತೋಟಗಳ ಹಳ್ಳಗಳಿಂದಲೇ. ಇಂಗುಗುಂಡಿ ಮಾಡಿ, ಸಿಪ್ಪೆಯನ್ನು ಕಾಂಪೋಸ್ಟಿಗೆ ಹಾಕಿ.

ಪಲ್ಪರ್ ಇಲ್ಲದವರು ನಿರಾಶರಾಗಬೇಕಿಲ್ಲ. ಆರಿಸಿದ ಕೆಂಪು ಹಣ್ಣನ್ನು ಇಡಿಯಾಗಿ ಎಚ್ಚರದಿಂದ ಒಣಗಿಸಿದ ಕಾಫಿಗೂ ಇಂದು ವಿಶೇಷ ದರ್ಜೆಯಲ್ಲಿ ಜಾಗವಿದೆ. ಆದರೆ ಅದಕ್ಕೆ ಎರಡರಷ್ಟು ಎಚ್ಚರ ಬೇಕು, ಬಿಸಿಲು ಚೆನ್ನಾಗಿರಬೇಕು.

ಯಾವುದನ್ನೇ ಆಗಲಿ ಮಣ್ಣಿನ ಮೇಲೆ ಒಣಗಿಸಬೇಡಿ. ಸೊಂಟದೆತ್ತರಕ್ಕೆ ಗೂಟ ನೆಟ್ಟು ಬಲೆ ಬಿಗಿದ ಮೇಜು ಮನೆಯಲ್ಲೇ ಮಾಡಿಕೊಳ್ಳಬಹುದು. ಪಾರ್ಚ್‌ಮೆಂಟನ್ನು ತೆಳುವಾಗಿ ಹರಡಿ ಗಂಟೆಗೊಮ್ಮೆ ಕೈಯಾಡಿಸಿ. ಸುಡುಬಿಸಿಲಿನಲ್ಲೂ ಸಂಜೆಯ ಇಬ್ಬನಿಗೂ ಹೊದಿಸಿ. ಒಮ್ಮೆ ಒಣಗಿ ಮತ್ತೆ ನೆನೆದ ಬೀಜಕ್ಕೆ ಬೂಷ್ಟು ಖಂಡಿತ. ಪಾರ್ಚ್‌ಮೆಂಟಿನ ತೇವಾಂಶ ಶೇಕಡ 10ಕ್ಕೆ, ಅರೇಬಿಕಾ ಚೆರಿಯದು 10.5ಕ್ಕೆ ಇಳಿಯಬೇಕು. ಒಣಗಿದ ಮೇಲೆ ಶುಭ್ರವಾದ ಗೋಣಿಚೀಲದಲ್ಲಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಗೊಬ್ಬರ, ಸೀಮೆಎಣ್ಣೆ, ಮೆಣಸು ಅದೇ ಕೋಣೆಯಲ್ಲಿ ಬೇಡ. ಕಾಫಿ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.

ಲೆಕ್ಕ ಮತ್ತು ಮಾರಾಟ

ಇಷ್ಟು ಕಷ್ಟಪಟ್ಟರೆ ಹೆಚ್ಚು ಹಣ ಬರುತ್ತದೆಯೇ ಎಂದು ನೀವು ಕೇಳಬಹುದು. ಬರಬಹುದು, ಆದರೆ ತಾನಾಗಿ ಬರುವುದಿಲ್ಲ. ವಿಶೇಷ ದರ್ಜೆ ಕೊಳ್ಳುವವರು ಕಡಿಮೆ, ಅವರು ಮಾದರಿ ಕೇಳುತ್ತಾರೆ, ಹಣಕ್ಕೆ ಕೆಲವೊಮ್ಮೆ ಕಾಯಿಸುತ್ತಾರೆ. ಮಾರುಕಟ್ಟೆಯ ಬೆಲೆಯೇ ಏರಿದ ವರ್ಷ ಸಾಮಾನ್ಯ ಕಾಫಿಗೂ ವಿಶೇಷ ಕಾಫಿಗೂ ಅಂತರ ಕಿರಿದಾಗಿ ಕಾಣುತ್ತದೆ. ಬೆಲೆ ಬಿದ್ದ ವರ್ಷ ಈ ಅಂತರವೇ ಮನೆಯನ್ನು ನಿಲ್ಲಿಸುತ್ತದೆ. ಆದ್ದರಿಂದ ಇಡೀ ತೋಟವನ್ನು ಒಮ್ಮೆಗೇ ಇದಕ್ಕೆ ಒಡ್ಡಬೇಡಿ.

ಒಳ್ಳೆಯ ನೆರಳಿರುವ, ಗಿಡ ಆರೋಗ್ಯವಾಗಿರುವ ಅರ್ಧ ಎಕರೆಯ ಒಂದು ತುಂಡನ್ನು ಆರಿಸಿಕೊಳ್ಳಿ. ಅರೇಬಿಕಾದಲ್ಲಿ ಸುಮಾರು 6 ಕಿಲೋ ಹಣ್ಣಿಗೆ 1 ಕಿಲೋ ಶುದ್ಧ ಬೀಜ ಬರುತ್ತದೆ. 600 ಕಿಲೋ ಆರಿಸಿದ ಹಣ್ಣು ಕೊಯ್ದರೆ ಸುಮಾರು 125 ಕಿಲೋ ಪಾರ್ಚ್‌ಮೆಂಟ್, ಅದರಿಂದ 100 ಕಿಲೋ ಶುದ್ಧ ಬೀಜ. ಮೊದಲ ವರ್ಷಕ್ಕೆ ಇಷ್ಟು ಸಾಕು. ಹೆಚ್ಚಿನ ಕೂಲಿ, ಆರಿಸಿದ ಹೊತ್ತು, ಮೇಜಿನ ಖರ್ಚು ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆಯಿರಿ. ಮನೆಮಂದಿ ದುಡಿದ ದಿನಗಳಿಗೂ ಕೂಲಿ ಹಿಡಿಯಿರಿ. ಹೆಂಗಸರ ದುಡಿಮೆಯನ್ನು ಬಿಟ್ಟಿಯೆಂದು ಎಣಿಸಿ ತೋರಿಸಿದ ಲಾಭ ಲಾಭವಲ್ಲ.

ಮಾದರಿಯನ್ನು ಬೆಂಗಳೂರಿನ ಕಾಫಿ ಮಂಡಳಿಯ ಗುಣಮಟ್ಟ ವಿಭಾಗದಲ್ಲಿ ರುಚಿಪರೀಕ್ಷೆ ಮಾಡಿಸಿ, ವರದಿಯನ್ನು ಇಟ್ಟುಕೊಂಡು ಕೊಳ್ಳುವವರೊಡನೆ ಮಾತನಾಡಿ. ಅಂಕ ಕಡಿಮೆ ಬಂದರೆ ಎಲ್ಲಿ ತಪ್ಪಿತೆಂಬುದನ್ನೂ ಅದೇ ವರದಿ ಸೂಚಿಸುತ್ತದೆ: ಒಗರು ಎಂದರೆ ಹಸಿರು ಕಾಯಿ, ಹುಳಿತದ್ದೆಂದರೆ ತೊಟ್ಟಿಯಲ್ಲಿ ತಡ, ಮಣ್ಣಿನ ವಾಸನೆಯೆಂದರೆ ಒಣಗಿಸಿದ ಕ್ರಮ. ದುಬಾರಿ ಯಂತ್ರಗಳನ್ನು ಸಾಲ ಮಾಡಿ ಕೊಳ್ಳುವ ಮುನ್ನ ಎರಡು ಮೂರು ಹಂಗಾಮು ಹೀಗೆ ನೋಡಿ. ನಾಲ್ಕೈದು ನೆರೆಯವರು ಸೇರಿ ಒಂದು ಪಲ್ಪರ್, ಒಂದು ತೇವಾಂಶ ಅಳೆಯುವ ಯಂತ್ರ ಇಟ್ಟುಕೊಳ್ಳಬಹುದು. ಚೀಲಗಳು ಮಾತ್ರ ಬೆರೆಯದಿರಲಿ. ಹುರಿದು ಪುಡಿ ಮಾಡಿ ಮಾರುವ ಇಚ್ಛೆಯುಳ್ಳವರು ಆಹಾರ ಸುರಕ್ಷತಾ ನೋಂದಣಿ ಪಡೆದೇ ಮುಂದುವರಿಯಬೇಕು.

ಈಗ ಮಾಡಬೇಕಾದದ್ದು

ಇವೆಲ್ಲವನ್ನೂ ಒಂದೇ ವರ್ಷ ಮಾಡಿ ಮುಗಿಸಬೇಕೆಂದಿಲ್ಲ. ಕೆಲಸಗಳನ್ನು ಮನೆಯಲ್ಲಿ ಹಂಚಿಕೊಳ್ಳಿ. ಕಾಂಡ ನೋಡುವುದಕ್ಕೆ ಚುರುಕು ಕಣ್ಣಿನವರು, ಹಣ್ಣು ಆರಿಸುವುದಕ್ಕೆ ತಾಳ್ಮೆಯವರು, ಪುಸ್ತಕ ಬರೆಯುವುದಕ್ಕೆ ಓದಿದ ಮಗನೋ ಮಗಳೋ. ಪೇಟೆಗೆ ಹೋಗಿರುವ ಮಕ್ಕಳಿಗೆ ತೋಟದ ಮೇಲೆ ಆಸಕ್ತಿಯಿಲ್ಲ ಎಂದು ಅನೇಕರು ಹೇಳುತ್ತಾರೆ. ತಮ್ಮ ತೋಟದ ಹೆಸರು ಬರೆದ ಒಂದು ಚೀಲ ಕಾಫಿಗೆ ಎಷ್ಟು ಅಂಕ ಬಂತು, ಎಷ್ಟು ಬೆಲೆ ಬಂತು ಎಂಬ ಲೆಕ್ಕವನ್ನು ಅವರ ಕೈಗೇ ಕೊಟ್ಟು ನೋಡಿ.

ಮೊದಲ ಹೆಜ್ಜೆಗೆ ಖರ್ಚಿಲ್ಲ. ಬರುವ ಮಾರ್ಚ್ ಅಥವಾ ಸೆಪ್ಟೆಂಬರ್, ಯಾವುದು ಹತ್ತಿರವೋ ಆ ತಿಂಗಳಲ್ಲಿ, ಆರಿಸಿಕೊಂಡ ಅರ್ಧ ಎಕರೆಯ ಗಿಡಗಳನ್ನು ಒಂದೊಂದಾಗಿ ನೋಡಿ. ಉಬ್ಬುಗೆರೆ ಕಂಡ ಗಿಡಗಳನ್ನು ಎಣಿಸಿ ಬರೆದಿಡಿ, ಕೀಳಬೇಕಾದದ್ದನ್ನು ಕಿತ್ತು ಸುಡಿ. ಉಳಿದ ಗಿಡಗಳಲ್ಲಿ ಬರುವ ಹಣ್ಣೇ ನಿಮ್ಮ ವಿಶೇಷ ದರ್ಜೆಯ ಕಾಫಿ.